ಕಾಂಗ್ರೆಸ್ ಕಸದ ಕಥಿ

ಅಕ್ಕಾರ, ವೈನ್ಯಾರ, ಮಳಿ ಬಿದ್ದು ಸ್ವಲ್ಪ ದಿನದಾಗ ಹಿತ್ತಲದಾಗ, ಹೊಲದ ಬದುವಿನ ಮ್ಯಾಲ, ಖುಲ್ಲಾ ಬಿದ್ದ ಜಾಗಾದಾಗ ಗಜ್ಜರಿ ಎಲಿಯಂಥಾ ಎಲಿ ಬಿಟ್ಟು ಬರೂ ಕಸ ಯಾವುದಂತ ಗದಗಿನವರಿಗೆ ಹೇಳೂದೇನೂ ಬ್ಯಾಡ. ಪುಸ್ತಕದಾಗ ಅದು ಪಾರ್ಥೇನಿಯಂ, ನಮ್ಮ ಬಾಯಾಗ ಕಾಂಗ್ರೆಸ್ ಕಸ. ಬಿಳೇ ಹೂವು ಗಾಂಧಿ ಟೊಪಗಿಯಂಗ ಕಾಣತಾವಂತ ಆ ಹೆಸರು ಬಂತು ಅಂತ ಕೆಲವರು ಹೇಳತಾರ. ಅದರ ತವರುಮನಿ ಮಾತ್ರ ದೂರದ ಮೆಕ್ಸಿಕೋ ಕಡೆ.

ನಮ್ಮ ದೇಶದಾಗ ಇದು ಹಬ್ಬಾಕ ಹತ್ತಿದ್ದನ್ನ ಮೊದಲು ಗುರುತಿಸಿದ್ದು ಪುಣೆಯೊಳಗ, 1955-56ರ ಸುಮಾರಿಗೆ. ಆಗ ಕಾಳಿಗೆ ಬರ. ಅಮೆರಿಕಾದಿಂದ ಪಿ.ಎಲ್.480 ಅನ್ನೂ ಕರಾರಿನ ಮ್ಯಾಲ ಗೋಧಿ ಬರತಿತ್ತು. ಆ ಗೋಧಿ ಜೋಡಿನ ಈ ಕಸದ ಬೀಜಾನೂ ಬಂತು ಅನ್ನೂದು ಬಹಳ ಮಂದಿಯ ಮಾತು. ಹಿಂದಿನ ಶತಮಾನದಾಗೂ ಈ ಗಿಡ ಇಲ್ಲೆ ಇತ್ತು ಅಂತ ಸಸ್ಯಶಾಸ್ತ್ರದ ದಾಖಲೆ ಅದಾವ. ಆದ್ರ ಊರೂರಿಗೆ ಕಾಲಿಟ್ಟದ್ದು ಪುಣೆಯಾಗ ಕಂಡ ಮ್ಯಾಲನ. ಒಂದು ಗಿಡಕ್ಕ 15,000ದಿಂದ 25,000 ಬೀಜ. ಗಾಳಿ, ಹರಿಯೂ ನೀರು, ಗಾಡಿಯ ಗಾಲಿ, ತಿಪ್ಪಿ ಗೊಬ್ಬರ, ಯಾವುದು ಸಿಕ್ಕರೂ ಅದಕ್ಕ ಸಾಕು.

1975ರಾಗ ನಮ್ಮ ರಾಜ್ಯ ಸರ್ಕಾರ ಇದನ್ನ ಕಾಯ್ದೆ ಪ್ರಕಾರ ಪೀಡೆ ಕಳೆ ಅಂತ ಘೋಷಿಸಿತು. ಕಾಗದದ ಮ್ಯಾಲ ಬರದರ ಕಸ ಹೋಗತೈತೇನ್ರಿ? ಮುಂದ 1984ರಾಗ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ತರಿಸಿದ ಒಂದು ಸಣ್ಣ ದುಂಬಿಯನ್ನ ಬೆಂಗಳೂರಿನಾಗ ಬಿಟ್ಟರು. ಕೆನಿ ಬಣ್ಣದ ಬೆನ್ನಮ್ಯಾಲ ಕರೇ ಗೆರಿ ಇರೂ ಹುಳ, ಜೈಗೋಗ್ರಾಮ ಅಂತ ಅದರ ಹೆಸರು. ಕಾಂಗ್ರೆಸ್ ಕಸದ ಎಲೀನ ಅದರ ಊಟ.

1990ರ ದಶಕದ ಶುರುವಿಗೆ ಆ ಹುಳ ಸೂರ್ಯಪಾನದ ಎಲಿ ತಿನ್ನಾಕತ್ತೈತಿ ಅಂತ ರೈತರು ಗಾಬರಿಯಾದರು. ಸರ್ಕಾರ ಸಮಿತಿ ಮಾಡಿ ತಪಾಸ ಮಾಡಿಸಿತು. ಕಾಂಗ್ರೆಸ್ ಕಸದ ಹೂವಿನ ಪುಡಿ ಹಾರಿ ಬಂದು ಸೂರ್ಯಪಾನದ ಎಲಿ ಮ್ಯಾಲ ಕುಂತಿದ್ದಕ್ಕ ಹುಳ ಅಲ್ಲಿ ಬಾಯಿ ಹಚ್ಚಿತ್ತು ಅಂತ ವಿಜ್ಞಾನಿಗಳು ತೋರಿಸಿದರು. ಆದ್ರ ಈ ಹುಳದ ಕೆಲಸ ಮಳಿಗಾಲದಾಗಷ್ಟ. ಮಳಿಗಾಲ ಮುಗಿದ ಮ್ಯಾಲ ಮಣ್ಣಾಗ ಹೊಕ್ಕು ಮಲಗತೈತಿ. ಕಸಕ್ಕ ತುಸು ಹಸಿ ಸಿಕ್ಕರ ಸಾಕು, ಮತ್ತ ಮ್ಯಾಲೇಳತೈತಿ.

ಈ ಕಸದ ಮ್ಯಾಲ ಮತ್ತೊಂದು ಗಿಡಾನೂ ಬಿಟ್ಟು ನೋಡ್ಯಾರ. ತಗಚಿ ಜಾತಿಯ ಒಂದು ಗಿಡ ದಟ್ಟಾಗಿ ಬೆಳದು ಕಾಂಗ್ರೆಸ್ ಕಸಾನ ಹಿಂದ ಸರಿಸತೈತಿ ಅಂತ ನಮ್ಮ ಕೃಷಿ ವಿಜ್ಞಾನಿಗಳು ಕಂಡುಕೊಂಡರು. ಅದೂ ಅಮೆರಿಕಾ ಖಂಡದ್ದನ, ಅದೂ ಈಗ ತಾನಾಗಿ ಹಬ್ಬಾಕತ್ತೈತಿ. ಕಳ್ಳನ್ನ ಹಿಡಿಯಾಕ ಕರಕೊಂಡು ಬಂದಾವ ಮನಿಯಾಗ ಠಾಣ್ಯಾ ಹಾಕಿದಂಗ.

ಇಷ್ಟೆಲ್ಲಾ ಚರಿತ್ರೆಯೊಳಗ ಕರಾರು, ಕಾಯ್ದೆ, ಸಮಿತಿ, ಹುಳ ಎಲ್ಲಾ ಬರತಾವ. ಶೇಂಗಾದಾಗ, ಹೆಸರಿನಾಗ, ಉಳ್ಳಾಗಡ್ಡಿ ಹೊಲದಾಗ ಬಗ್ಗಿ ಕಸಾ ಕಿತ್ತ ಹೆಣ್ಮಕ್ಕಳ ಹೆಸರು ಒಂದೂ ಬರೂದಿಲ್ಲ. ಖರೇ ಅಂದ್ರ ಎಪ್ಪತ್ತು ವರ್ಷ ಈ ಕಸಾನ ತಡದದ್ದು ಅವರ ಕೈಯ. ಕೈಗೆ ತುರಿಕಿ, ಮಾರಿ ಮ್ಯಾಲ ಗುಳ್ಳಿ, ಕೆಲವರಿಗೆ ದಮ್ಮು, ಎಲ್ಲಾ ಅವರಿಗೆ ಹತ್ತೂದು. ಇದನ್ನ ಮೇದ ಎಮ್ಮಿ ಹಾಲು ಕಹಿಯಾದರ ಬೈಸಿಕೊಳ್ಳೂದೂ ಅವರನ.

ಅದಕ್ಕ ಈ ಕಥಿಯಿಂದ ನಾ ತಿಳಕೊಂಡದ್ದು ಇಷ್ಟ. ಹೂವಾಗೂ ಮುಂಚೆ ಕೀಳಬೇಕು. ಗಿಡ ಹುಟ್ಟಿ ನಾಲ್ಕರಿಂದ ಆರು ವಾರಕ್ಕ ಹೂವಾಗತೈತಿ, ಅಷ್ಟರೊಳಗ ಕೆಲಸ ಮುಗಿಸಬೇಕು. ಮಣ್ಣು ಹಸಿ ಇದ್ದಾಗ ಬೇರು ಸಮೇತ ಬರತೈತಿ. ಬರೇ ಕೈಲೆ ಹಿಡೀಬ್ಯಾಡ್ರಿ, ಕೈಚೀಲ ಹಾಕ್ಕೊರ್ರಿ, ಇಲ್ಲಾಂದ್ರ ಪ್ಲಾಸ್ಟಿಕ್ ಚೀಲಾರ ಸುತಗೋರಿ, ಮೂಗಿಗೆ ಸೆರಗು ಕಟ್ಟಿಕೊರ್ರಿ. ಹೂವಾಗದ ಗಿಡ ತಿಪ್ಪಿಗೆ ಹಾಕಿದರ ಚಲೋ ಗೊಬ್ಬರ. ಹೂವಾದದ್ದನ್ನ ಹಾಕಿದರ ಆ ಬೀಜಾನ ನಾವ ಹೊಲಕ್ಕ ಹೊತ್ತು ಒಯ್ದಂಗ. ಮತ್ತ ಒಂದ ಮನಿಯವರು ಕಿತ್ತರ ಸಾಲೂದಿಲ್ರಿ. ಬಾಜೂ ಹಿತ್ತಲದ ಬೀಜ ಗಾಳಿಗೆ ಬರತೈತಿ. ಓಣಿಯವರೆಲ್ಲಾ ಸೇರಿ ಒಂದ ದಿನ ಇಳೀಬೇಕು, ಗಂಡಸರನ್ನೂ ಕರಕೊಂಡು.