24 ಸೆಕೆಂಡ್ ಲೆಕ್ಕ ಬಂದಿದ್ದು ಎಲ್ಲಿಂದ?

ಬಸ್ಸಲ್ಲೋ ಮೆಟ್ರೊದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಮೊದಲು ಒಂದು ಸ್ಕೋರ್ ಹೇಳ್ತೀನಿ: 19–18. ಇದು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪಂದ್ಯದ ಸ್ಕೋರ್. ಒಂದು ಕ್ವಾರ್ಟರ್‌ದಲ್ಲ, ಪೂರ್ತಿ 48 ನಿಮಿಷದ್ದು. ಈಗಿನ ತಂಡಗಳು ಸಾಮಾನ್ಯವಾಗಿ ಮೊದಲ ಕ್ವಾರ್ಟರ್‌ನಲ್ಲೇ ಇದನ್ನ ದಾಟಿಬಿಡ್ತವೆ.

ಆ ದಿನ 1950ರ ನವೆಂಬರ್ 22. ಮಿನಿಯಾಪೊಲಿಸ್ ಲೇಕರ್ಸ್ ಊರಿಗೆ ಫೋರ್ಟ್ ವೇಯ್ನ್ ಪಿಸ್ಟನ್ಸ್ ಆಡೋಕೆ ಬಂದಿತ್ತು. ಹೌದು, ಇವತ್ತು ಲಾಸ್ ಏಂಜಲೀಸ್‌ನಲ್ಲಿರೋ ಅದೇ ಲೇಕರ್ಸ್. ಆಗ ಲೇಕರ್ಸ್ ಅಂದ್ರೆ ಜಾರ್ಜ್ ಮೈಕನ್. ಆರಡಿ ಹತ್ತಿಂಚು ಎತ್ತರ, ಕಣ್ಣಿಗೆ ದಪ್ಪ ಕನ್ನಡಕ. ಬುಟ್ಟಿಯ ಹತ್ತಿರ ಅವರ ಕೈಗೆ ಚೆಂಡು ಸಿಕ್ಕಿತು ಅಂದ್ರೆ ತಡೆಯೋದು ಬಹಳ ಕಷ್ಟ. ಹಾಗಾಗಿ ಪಿಸ್ಟನ್ಸ್ ಒಂದು ಉಪಾಯ ಮಾಡಿತು. ಚೆಂಡನ್ನೇ ಬಿಟ್ಟುಕೊಡದಿದ್ರೆ? ಚೆಂಡು ಹಿಡ್ಕೊಂಡು ಸುಮ್ಮನೆ ನಿಂತರು. ದುಡ್ಡು ಕೊಟ್ಟು ಬಂದ ಜನ ಕೂಗಾಡಿದರು. ಆದರೆ ಅದನ್ನ ತಪ್ಪು ಅನ್ನೋ ನಿಯಮವೇ ಇರಲಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು ನಾಲ್ಕೇ ಪಾಯಿಂಟ್. ಲೇಕರ್ಸ್‌ನ 18ರಲ್ಲಿ 15 ಮೈಕನ್ ಒಬ್ಬರದ್ದೇ. ಆದ್ರೂ ತಂಡ ಸೋತಿತು.

ಎನ್‌ಬಿಎ ಇತಿಹಾಸದ ಅತಿ ಕಡಿಮೆ ಸ್ಕೋರ್ ಇದೇ. ಆದರೆ ಈ ಕಾಯಿಲೆ ಅವತ್ತಿನ ಒಂದು ಪಂದ್ಯದ್ದು ಮಾತ್ರ ಆಗಿರಲಿಲ್ಲ. ಮುಂದಿರೋ ತಂಡ ಚೆಂಡು ಹಿಡ್ಕೊಂಡು ಕಾಲ ತಳ್ಳೋದು, ಹಿಂದಿರೋರು ಬೇರೆ ದಾರಿ ಇಲ್ಲದೆ ಫೌಲ್ ಮಾಡೋದು, ಮತ್ತೆ ಫ್ರೀ ಥ್ರೋ, ಮತ್ತೆ ಅದೇ. 1953ರ ಮಾರ್ಚ್‌ನಲ್ಲಿ ಬಾಸ್ಟನ್ ಮತ್ತು ಸಿರಾಕ್ಯೂಸ್ ನಡುವಿನ ಪ್ಲೇಆಫ್ ಪಂದ್ಯ ನಾಲ್ಕು ಓವರ್‌ಟೈಮ್ ಎಳೀತು. ಒಟ್ಟು 106 ಫೌಲ್! ಬಾಸ್ಟನ್‌ನ ಬಾಬ್ ಕೂಸಿ 50 ಪಾಯಿಂಟ್ ಹೊಡೆದರು. ಅದರಲ್ಲಿ 30 ಬಂದಿದ್ದು ಫ್ರೀ ಥ್ರೋಗಳಿಂದ. ದಾಖಲೆ ಪುಸ್ತಕದಲ್ಲಿ ಓದೋಕೆ ಚೆನ್ನಾಗಿದೆ, ಕೂತು ನೋಡೋಕೆ ಹೇಗಿದ್ದಿರಬೇಕು ಯೋಚಿಸಿ.

ಇದು ಬರೀ ಬೇಜಾರಿನ ಮಾತಲ್ಲ, ಲೀಗ್ ಉಳಿಯೋದೇ ಕಷ್ಟ ಆಗಿತ್ತು. 1949–50ರಲ್ಲಿ 17 ತಂಡ ಇದ್ದವು. 1954ರ ಕೊನೆಗೆ ಉಳಿದಿದ್ದು ಎಂಟು.

ಮೊದಲು ಮಾಡಿದ ರಿಪೇರಿ ಮೈಕನ್ ಮೇಲೇ. ಬುಟ್ಟಿಯ ಮುಂದೆ ಬಣ್ಣ ಬಳಿದ ಜಾಗ ಇರುತ್ತಲ್ಲ, ದಾಳಿ ಮಾಡೋ ಆಟಗಾರ ಅದರೊಳಗೆ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲೋ ಹಾಗಿಲ್ಲ. 1951ರಲ್ಲಿ ಅದರ ಅಗಲವನ್ನ ಆರು ಅಡಿಯಿಂದ ಹನ್ನೆರಡು ಅಡಿಗೆ ಏರಿಸಿದರು. ಮೈಕನ್ ಸರಾಸರಿ 28.4ರಿಂದ 23.8ಕ್ಕೆ ಇಳೀತು. ಆದರೆ ಲೇಕರ್ಸ್ ಮುಂದಿನ ಮೂರು ವರ್ಷವೂ ಚಾಂಪಿಯನ್! ಒಬ್ಬ ಆಟಗಾರನನ್ನ ಬುಟ್ಟಿಯಿಂದ ದೂರ ತಳ್ಳಿದ್ರೆ, ಚೆಂಡು ಹಿಡ್ಕೊಂಡು ನಿಲ್ಲೋ ರೋಗ ಹೇಗೆ ಹೋಗುತ್ತೆ ಹೇಳಿ?

ಆ ರೋಗಕ್ಕೆ ಮದ್ದು ಬಂದಿದ್ದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಅನ್ನೋ ಚಿಕ್ಕ ನಗರದಿಂದ. ಡ್ಯಾನಿ ಬಿಯಾಸೋನ್ ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಬೌಲಿಂಗ್ ಆಟದ ಕೇಂದ್ರ ನಡೆಸ್ತಿದ್ದರು, ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕರೂ ಹೌದು. ಯಾರೂ ಕಾಲ ತಳ್ಳದೆ, ನೋಡೋಕೆ ಮಜಾ ಬಂದ ಪಂದ್ಯಗಳ ಅಂಕಿಅಂಶ ತೆಗೆದು ನೋಡಿದರು. ಅಂಥ ಪಂದ್ಯಗಳಲ್ಲಿ ಒಂದೊಂದು ತಂಡ ಸುಮಾರು 60 ಸಲ ಬುಟ್ಟಿಗೆ ಎಸೆದಿತ್ತು, ಎರಡೂ ಸೇರಿ 120. ಪಂದ್ಯ 48 ನಿಮಿಷ, ಅಂದ್ರೆ 2,880 ಸೆಕೆಂಡ್. ಭಾಗಿಸಿ. 24. ಅಷ್ಟೇ ಲೆಕ್ಕ. ಭಾಗಾಕಾರ ಮಾಡಿದ್ದು ತಂಡದ ಮ್ಯಾನೇಜರ್ ಲಿಯೊ ಫೆರಿಸ್ ಅಂತ ವಾದಿಸೋರೂ ಇದ್ದಾರೆ.

ನನಗೆ ಇದರಲ್ಲಿ ಇಷ್ಟ ಆಗೋದು ಒಂದು ವಿಷಯ. ಆಟ ಹೀಗಿರಬೇಕು ಅಂತ ಬಿಯಾಸೋನ್ ಹೊಸದಾಗಿ ಏನನ್ನೂ ಕಲ್ಪಿಸಿಕೊಳ್ಳಲಿಲ್ಲ. ಚೆನ್ನಾಗಿ ನಡೆದ ಆಟದ ವೇಗ ಅಳೆದು, ಅದನ್ನೇ ಕಡ್ಡಾಯ ಮಾಡಿದರು. ನೀವು ಪ್ರೊ ಕಬಡ್ಡಿ ನೋಡ್ತಿದ್ರೆ ಈ ಸಮಸ್ಯೆ ಹೊಸದಲ್ಲ. ಸತತ ಎರಡು ರೈಡ್ ಖಾಲಿ ಹೋದ್ರೆ ಮೂರನೆಯದು ‘ಡು ಆರ್ ಡೈ’. ಕಾಲ ತಳ್ಳೋರಿಗೆ ಅದೂ ಇಂಥದ್ದೇ ಕಡಿವಾಣ.

1954ರ ಆಗಸ್ಟ್‌ನಲ್ಲಿ ಸಿರಾಕ್ಯೂಸ್‌ನ ಒಂದು ಹೈಸ್ಕೂಲಿನಲ್ಲಿ ಪ್ರಯೋಗ ನಡೀತು. ಮೊದಮೊದಲು ಆಟಗಾರರು ಗಾಬರಿಬಿದ್ದು ಬೇಗ ಬೇಗ ಎಸೆದರು, ಆಮೇಲೆ ನೋಡಿದ್ರೆ 24 ಸೆಕೆಂಡ್ ಧಾರಾಳ. ಜೊತೆಗೆ ಇನ್ನೊಂದು ನಿಯಮ ಬಂತು, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಒಂದು ಕ್ವಾರ್ಟರ್‌ನಲ್ಲಿ ತಂಡಕ್ಕೆ ಆರು ಫೌಲ್ ಮಿತಿ, ದಾಟಿದ್ರೆ ಎದುರಾಳಿಗೆ ಹೆಚ್ಚುವರಿ ಫ್ರೀ ಥ್ರೋ. ಇದಿಲ್ಲದೆ ಗಡಿಯಾರ ಒಂದೇ ಸಾಲ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ತಂಡಗಳ ಸರಾಸರಿ ಒಂದೇ ವರ್ಷದಲ್ಲಿ 79.5ರಿಂದ 93.1ಕ್ಕೆ ಏರಿತು.

ಆ ಸೀಸನ್‌ನ ಫೈನಲ್ ಕೇಳಿ. 1955ರ ಏಪ್ರಿಲ್, ಏಳನೇ ಪಂದ್ಯ, ಸಿರಾಕ್ಯೂಸ್ ಮತ್ತು ಫೋರ್ಟ್ ವೇಯ್ನ್. ಅದೇ ಚೆಂಡು ಹಿಡ್ಕೊಂಡು ನಿಂತಿದ್ದ ಫೋರ್ಟ್ ವೇಯ್ನ್! 17 ಪಾಯಿಂಟ್ ಮುಂದೆ ಇತ್ತು. ಹಿಂದಿನ ವರ್ಷ ಆಗಿದ್ರೆ ಕಾಲ ತಳ್ಳಿ ಗೆಲ್ಲೋಕೆ ನೋಡಬಹುದಿತ್ತು. ಈಗ 24 ಸೆಕೆಂಡ್‌ಗೊಮ್ಮೆ ಎಸೀಲೇಬೇಕು. ಸಿರಾಕ್ಯೂಸ್ ಬೆನ್ನಟ್ಟಿ 92–91ರಲ್ಲಿ ಗೆದ್ದಿತು.

ಮೈಕನ್ ಕಥೆ? ಗಡಿಯಾರ ಬರೋಕೆ ಸ್ವಲ್ಪ ಮುಂಚೆ ನಿವೃತ್ತರಾಗಿದ್ದರು. 1956ರಲ್ಲಿ ವಾಪಸ್ ಬಂದು 37 ಪಂದ್ಯ ಆಡಿದರು, ಸರಾಸರಿ 10.5. ಆಟ ಅವರನ್ನ ಬಿಟ್ಟು ಓಡಿಹೋಗಿತ್ತು. ಆದರೆ 1967ರಲ್ಲಿ ಎಬಿಎ ಅನ್ನೋ ಪ್ರತಿಸ್ಪರ್ಧಿ ಲೀಗ್ ಶುರುವಾದಾಗ ಅದರ ಮೊದಲ ಕಮಿಷನರ್ ಇದೇ ಮೈಕನ್. ದೂರದಿಂದ ಎಸೆದ್ರೆ ಮೂರು ಪಾಯಿಂಟ್ ಅನ್ನೋ ಗೆರೆ ಆ ಲೀಗ್‌ನಲ್ಲಿ ಜನಪ್ರಿಯ ಆಯ್ತು. ಬುಟ್ಟಿಯ ಕೆಳಗೆ ರಾಜನಾಗಿದ್ದವರೇ ದೂರದ ಹೊಡೆತಕ್ಕೆ ಬೆಲೆ ಕಟ್ಟಿದರು! ಎನ್‌ಬಿಎ 1979ರಲ್ಲಿ ಅದನ್ನ ತಗೊಂಡಿತು. ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ ಸರಾಸರಿ ಮೂರು ಸಲವೂ ಪ್ರಯತ್ನಿಸ್ತಿರಲಿಲ್ಲ. 2024–25ರಲ್ಲಿ 37ಕ್ಕಿಂತ ಹೆಚ್ಚು. ಈಗ ಅಭಿಮಾನಿಗಳ ದೂರು ಏನು ಗೊತ್ತಾ? ಎಲ್ಲಾ ತಂಡಗಳೂ ಒಂದೇ ಥರ ಆಡ್ತವೆ, ಬೋರು ಅಂತ.

ಇನ್ನು ಬಿಯಾಸೋನ್. ಲೀಗ್ ಚೇತರಿಸಿಕೊಂಡ ಮೇಲೆ ದೊಡ್ಡ ನಗರ, ದೊಡ್ಡ ಅಂಗಳ, ದೊಡ್ಡ ದುಡ್ಡಿನ ಲೆಕ್ಕ ಶುರುವಾಯ್ತು. 1957ರಲ್ಲಿ ಫೋರ್ಟ್ ವೇಯ್ನ್ ತಂಡ ಡೆಟ್ರಾಯಿಟ್‌ಗೆ ಹೋಯ್ತು, ರೋಚೆಸ್ಟರ್ ತಂಡ ಸಿನ್ಸಿನಾಟಿಗೆ. 1960ರಲ್ಲಿ ಲೇಕರ್ಸ್ ಲಾಸ್ ಏಂಜಲೀಸ್‌ಗೆ. ಚಿಕ್ಕ ಊರುಗಳಲ್ಲಿ ಕೊನೆವರೆಗೂ ಹಿಡಿದು ನಿಂತಿದ್ದು ಸಿರಾಕ್ಯೂಸ್. 1963ರಲ್ಲಿ ಬಿಯಾಸೋನ್ ಕೂಡ ತಂಡ ಮಾರಿದರು, ಅದು ಫಿಲಡೆಲ್ಫಿಯಾ 76ಅರ್ಸ್ ಆಯ್ತು. ಅವರು ತೀರಿಕೊಂಡಿದ್ದು 1992ರಲ್ಲಿ. ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2000ದಲ್ಲಿ.

ಸಿರಾಕ್ಯೂಸ್ ಪೇಟೆಯ ಆರ್ಮರಿ ಸ್ಕ್ವೇರ್‌ನಲ್ಲಿ ಒಂದು ಶಾಟ್ ಕ್ಲಾಕ್ ಸ್ಮಾರಕ ಇದೆ. 24ರಿಂದ ಸೊನ್ನೆಗೆ ಇಳಿಯುತ್ತೆ, ಮತ್ತೆ 24ರಿಂದ ಶುರು. ಆ ಊರಲ್ಲಿ 1963ರ ನಂತರ ಎನ್‌ಬಿಎ ತಂಡ ಇಲ್ಲ.

ಮುಂದಿನ ವಾರ ಸಿಗೋಣ.