ಸ್ವರಲಿಪಿ ನೋಡಿ ಹಾಡುವ ಅಭ್ಯಾಸ: ತೆರೆಯ ಮೇಲಿನ ಗೆರೆ ಮತ್ತು ಒಳಗಿವಿ

ಎಂದೂ ಕೇಳದ ಮಟ್ಟನ್ನು ಸ್ವರಲಿಪಿ ನೋಡಿದೊಡನೆ ಹಾಡಲು ಕಲಿಸುವ ಕ್ರಮವನ್ನು ಯುರೋಪಿನಲ್ಲಿ 11ನೆಯ ಶತಮಾನದಲ್ಲಿ ರೂಪಿಸಿದವನು ಅರೆಟ್ಸೊದ ಗ್ವೀಡೊ ಎಂಬ ಸನ್ಯಾಸಿ. ಮಠದ ಸಂಗಾತಿ ಮೈಕೇಲನಿಗೆ ಬರೆದ ಪತ್ರದಲ್ಲಿ ಅವನು ಎಚ್ಚರಿಸುತ್ತಾನೆ: ಮಾನೋಕಾರ್ಡ್ ಎಂಬ ಏಕತಂತಿಯನ್ನು ಮೀಟಿ, ಆ ನಾದವನ್ನು ಹಿಂಬಾಲಿಸಿ ಹೊಸ ಹಾಡು ಕಲಿಯುವುದು ಆರಂಭದವರಿಗೆ ಒಳಿತು, ಅದರಲ್ಲೇ ಮುಂದುವರಿಯುವವರಿಗೆ ತೀರಾ ಕೆಡುಕು. ಅವನು ನೆಚ್ಚಿದ್ದು ನೆನಪನ್ನು. ಪಾದದಿಂದ ಪಾದಕ್ಕೆ ಒಂದೊಂದು ಸ್ವರ ಮೇಲಿನಿಂದ ಎತ್ತಿಕೊಳ್ಳುವ ಸ್ತೋತ್ರವೊಂದರ ಮೊದಲಕ್ಷರಗಳೇ ಉತ್, ರೆ, ಮಿ, ಫಾ, ಸೋಲ್, ಲಾ. ಕಿವಿ ತರಬೇತಿಯ ತಂತ್ರಾಂಶಗಳನ್ನು ಅಳೆಯಲು ಈ ಎಚ್ಚರಿಕೆಯೇ ಸರಿಯಾದ ಒರೆಗಲ್ಲು ಎಂಬುದು ನನ್ನ ವಾದ.

1970ರ ದಶಕದಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ ಪ್ಲೇಟೊ ಗಣಕ ವ್ಯವಸ್ಥೆಯಲ್ಲಿ ಸಿದ್ಧಪಡಿಸಿದ ಪಾಠಗಳಿಗೆ ಗ್ವೀಡೊನ ಹೆಸರನ್ನೇ ಇಟ್ಟರು. ಅಲ್ಲಿ ಯಂತ್ರ ನುಡಿಸುತ್ತಿತ್ತು, ವಿದ್ಯಾರ್ಥಿ ಗುರುತಿಸಬೇಕಿತ್ತು. ಇಂದಿನ ಇಯರ್‌ಮಾಸ್ಟರ್‌ನಂಥವು ಮೈಕಿನ ಮೂಲಕ ಹಾಡನ್ನೇ ಕೇಳಿ, ದನಿಯ ಆವರ್ತನವನ್ನು ಗೆರೆಯಾಗಿ ತೋರಿಸುತ್ತವೆ. ತೊಡಕು ಇಲ್ಲೇ ಇದೆ. ಗೆರೆ ಏರಿದ್ದನ್ನು ಕಂಡು ದನಿ ಇಳಿಸುವವನನ್ನು ತಿದ್ದುತ್ತಿರುವುದು ಕಣ್ಣು. ಬಾಯಿಗೆ ಬರುವ ಮುನ್ನ ಸ್ವರ ಅವನ ಒಳಗೆ ಕೇಳಿಸಿಯೇ ಇಲ್ಲ.

ಇನ್ನು ಅಳತೆಗೋಲಿನ ಮಾತು. ಎಫ್ ಮೇಜರ್‌ನ ಪಾಠವೊಂದನ್ನು ನೋಡೋಣ. ಪಿಯಾನೊದ ಸಮಾಂತರ ಶ್ರುತಿಯಲ್ಲಿ ಎಫ್ 349.2 ಹರ್ಟ್ಸ್, ಅದರ ಮಿ 440. ಆದರೆ ಆಧಾರಸ್ವರ ಮೊಳಗುತ್ತಿರುವಾಗ ಮಿ ಕಲೆತು ನಿಲ್ಲುವುದು 5:4ರ ಅನುಪಾತದಲ್ಲಿ, ಅಂದರೆ ಸುಮಾರು 436.5ರಲ್ಲಿ. ಅಂತರ 14 ಸೆಂಟ್, ಅರ್ಧಸ್ವರದ ಏಳರಲ್ಲೊಂದು ಪಾಲು. ತಂಬೂರಿಯ ನಾದದಲ್ಲಿ ಮಾಯಾಮಾಳವಗೌಳದ ಅಂತರ ಗಾಂಧಾರವನ್ನು ಸಾಧನೆ ಮಾಡಿದ ನಮ್ಮ ವಿದ್ಯಾರ್ಥಿ ಅಲ್ಲಿಯೇ ನಿಂತರೆ, ಪಿಯಾನೊದ ಅಳತೆಯನ್ನೇ ಬಿಗಿಯಾಗಿ ಹಿಡಿದ ತಂತ್ರಾಂಶ ಅದನ್ನು ತಪ್ಪೆಂದು ಎಣಿಸುತ್ತದೆ. ಇದು ಅನ್ಯಾಯ, ಚೆನ್ನಾಗಿ ಕೇಳಿಸಿಕೊಂಡದ್ದಕ್ಕೇ ಅಂಕ ಕಳೆದಂತೆ.

ಹಾಗೆಂದು ತಂತ್ರಾಂಶವನ್ನು ಬಿಡಬೇಕಿಲ್ಲ, ಗೆರೆಯನ್ನು ತಡವಾಗಿ ನೋಡಿದರೆ ಸಾಕು. ಆಧಾರಸ್ವರವನ್ನಷ್ಟೇ ಕೇಳಿ, ತೆರೆ ಮರೆಮಾಡಿ ಇಡೀ ಸಾಲು ಹಾಡಬೇಕು. ನಡುವೆ ಒಂದು ತಾಳಖಂಡವನ್ನು ಮನಸ್ಸಿನಲ್ಲೇ ಹಾಡಿಕೊಂಡು ಮುಂದಿನದಕ್ಕೆ ದನಿ ಎತ್ತುವುದು ಇನ್ನೂ ಕಠಿಣ, ಇನ್ನೂ ಫಲಕಾರಿ. ಆಮೇಲೆ ಧ್ವನಿಮುದ್ರಣದ ಗೆರೆಯಲ್ಲಿ ಪ್ರತಿ ಸ್ವರ ಹುಟ್ಟಿದ ಕ್ಷಣವನ್ನು ಪರಿಶೀಲಿಸಬೇಕು. ಕೆಳಗಿನಿಂದ ತಡವರಿಸುತ್ತ ಜಾರಿ ಏರಿದ್ದರೆ ಹಾಡುಗಾರ ಸ್ವರವನ್ನು ಹುಡುಕುತ್ತಿದ್ದ, ನೇರವಾಗಿ ಹಿಡಿದಿದ್ದರೆ ಮೊದಲೇ ಬಲ್ಲ. ಪಾಠದ ಕೊನೆಗೆ ಬರುವ ಒಟ್ಟು ಶೇಕಡಾವಾರು ಅಂಕ ಈ ಇಬ್ಬರನ್ನೂ ಒಂದೇ ಎಂದು ತೋರಿಸಬಹುದು.