ಚಿಪ್ಪುಜೀವಿಗಳ ನೆಲೆ ಮತ್ತು ನೀರಿನ ಗುಣಮಟ್ಟ ನಿಯಂತ್ರಣ

ಮರುವಾಯಿ, ಪಚ್ಚಿಲೆ, ಸಿಂಪಿ ಮೊದಲಾದ ಎರಡು ಚಿಪ್ಪಿನ ಮೃದ್ವಂಗಿಗಳು ಬೆಳೆಯುವ ಅಳಿವೆ, ಹಿನ್ನೀರು, ಕೊಲ್ಲಿಗಳ ನೀರು ಕೆಡದಂತೆ ಮಿತಿಗಳನ್ನು ಗೊತ್ತುಪಡಿಸಿ ಕಾನೂನಿನ ಮೂಲಕ ಜಾರಿಗೆ ತರುವ ವ್ಯವಸ್ಥೆ. ಈ ಜೀವಿಗಳು ಕಿವಿರುಗಳಲ್ಲಿ ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಬಲಿತ ಸಿಂಪಿಯೊಂದು ಅನುಕೂಲ ಸ್ಥಿತಿಯಲ್ಲಿ ದಿನಕ್ಕೆ 190 ಲೀಟರಿನವರೆಗೂ ನೀರು ಸೋಸಬಲ್ಲದು. ಹಾಗಾಗಿ ನೀರಿನಲ್ಲಿರುವ ರೋಗಾಣು, ಭಾರಲೋಹ, ಪಾಚಿವಿಷಗಳೆಲ್ಲ ಅದರ ಮೈಯಲ್ಲಿ ಶೇಖರವಾಗುತ್ತವೆ. ನೀರು ಕೆಟ್ಟಿತೆಂದು ಮೀನಿನಂತೆ ಬೇರೆಡೆಗೆ ಈಜಿಹೋಗಲು ಅದಕ್ಕಾಗದು.

ಮೊದಲ ನಿಯಮಗಳು ಹುಟ್ಟಿದ್ದು ತಿನ್ನುವವರ ರಕ್ಷಣೆಗಾಗಿ. 1924–25ರ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ನಗರಗಳಲ್ಲಿ ಕಲುಷಿತ ಸಿಂಪಿಯಿಂದ ಟೈಫಾಯ್ಡ್ ಹರಡಿ, ಸುಮಾರು 1,500 ಮಂದಿ ಕಾಯಿಲೆ ಬಿದ್ದು 150 ಮಂದಿ ಸತ್ತರು. 1925ರಲ್ಲೇ ಅಮೆರಿಕದಲ್ಲಿ ಚಿಪ್ಪುಜೀವಿ ನೈರ್ಮಲ್ಯ ಕಾರ್ಯಕ್ರಮ ಶುರುವಾಯಿತು. ನಿರ್ಬಂಧವಿಲ್ಲದೆ ಕೊಯ್ಲು ಮಾಡಬೇಕಾದರೆ, ಅಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸರಾಸರಿ 14ನ್ನು ಮೀರುವಂತಿಲ್ಲ. ಯುರೋಪಿನಲ್ಲಿ ನೀರಿಗೆ ಬದಲು ಚಿಪ್ಪಿಯ ಮಾಂಸದಲ್ಲಿರುವ ಇ. ಕೋಲಿ ಪ್ರಮಾಣ ನೋಡಿ ಕೊಯ್ಲಿನ ಪ್ರದೇಶಗಳಿಗೆ ಎ, ಬಿ, ಸಿ ದರ್ಜೆ ಕೊಡುತ್ತಾರೆ. ಬಿ ದರ್ಜೆಯವನ್ನು ಶುದ್ಧ ಸಮುದ್ರನೀರಿನ ತೊಟ್ಟಿಯಲ್ಲಿಟ್ಟು ಮಾರಬಹುದು. ಆದರೆ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಹೋದಷ್ಟು ಸುಲಭವಾಗಿ ನೊರೊವೈರಸ್ ಹೋಗುವುದಿಲ್ಲ. ಕೊಳಚೆಯನ್ನು ಅದು ಹೊರಡುವಲ್ಲೇ ತಡೆಯುವುದು ಇದಕ್ಕೆ ನಿಜವಾದ ಪರಿಹಾರ. ಕೊಯ್ಲು ನಿಷೇಧಿಸಿ ಸುಮ್ಮನಾದರೆ ನೆಲೆ ಉಳಿಯದು.

ಜೀವಿಯ ಉಳಿವೇ ನಿಯಮದ ಉದ್ದೇಶವಾಗಬೇಕೆಂದು ಕಲಿಸಿದ್ದು ಫ್ರಾನ್ಸಿನ ಅರ್ಕಷೋನ್ ಕೊಲ್ಲಿ. 1970ರ ದಶಕದ ಕೊನೆಯಲ್ಲಿ ಅಲ್ಲಿ ಸಿಂಪಿಯ ಮರಿಗಳು ನಿಲ್ಲದಾದವು. ಬದುಕುಳಿದ ಸಿಂಪಿಗಳ ಚಿಪ್ಪು ಪದರಪದರವಾಗಿ ಉಬ್ಬಿ, ನಡುವಿನ ಪೊಳ್ಳುಗಳಲ್ಲಿ ಲೋಳೆ ತುಂಬಿಕೊಂಡು, ಉಂಡೆಯಂತಾಗಿ ಮಾರಾಟಕ್ಕೆ ಬಾರದಾಯಿತು. ದೋಣಿಯ ತಳಕ್ಕೆ ಪಾಚಿ ಹತ್ತದಂತೆ ಬಳಿಯುತ್ತಿದ್ದ ಬಣ್ಣದಲ್ಲಿನ ಟ್ರೈಬ್ಯುಟೈಲ್ ಟಿನ್ ಇದಕ್ಕೆ ಕಾರಣ; ಲೀಟರಿಗೆ ಕೆಲವೇ ನ್ಯಾನೊಗ್ರಾಂ ಸಾಕು, ಚಿಪ್ಪು ವಿಕಾರವಾಗುತ್ತದೆ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಮರಿಗಳು ಮತ್ತೆ ನಿಲ್ಲತೊಡಗಿದವು. ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ 2008ರಲ್ಲಷ್ಟೇ ಜಾರಿಗೆ ಬಂತು. ಈ ತಡದ ಬೆಲೆಯನ್ನು ಬಂದರುಗಳ ಸುತ್ತಲಿನ ಜೀವಿಗಳು ತೆತ್ತವು.

ಭಾರತದಲ್ಲಿ ಚಿಪ್ಪು ಸಂಗ್ರಹದ ಕರಾವಳಿ ನೀರು ಎಸ್‌ಡಬ್ಲ್ಯು-1 ವರ್ಗಕ್ಕೆ ಸೇರುತ್ತದೆ. ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಎಣ್ಣೆ, ಪಾದರಸ, ಸೀಸ, ಕ್ಯಾಡ್ಮಿಯಂಗಳಿಗೆ ಮಿತಿಯಿದೆ. ಲವಣಾಂಶಕ್ಕೆ ಮಾತ್ರ ಮಿತಿಯಿಲ್ಲ. ಉತ್ತರ ಕನ್ನಡದಲ್ಲಿ ಇದು ದೊಡ್ಡ ಕೊರತೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಇಂದಿಗೂ ಇಳಿತದ ಹೊತ್ತಿಗೆ ಜನ ನೀರಿಗಿಳಿದು ಬಳಚು (ಮರುವಾಯಿ) ಆರಿಸುತ್ತಾರೆ; 2024ರಲ್ಲಿ ಅದನ್ನು ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಎಂದು ಪ್ರಕಟಿಸಲಾಯಿತು. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರು ಅಳಿವೆಯ ಉಪ್ಪನ್ನು ತಗ್ಗಿಸಿ, ತಿನ್ನುವ ಚಿಪ್ಪಿಗಳನ್ನು ಬಹುಮಟ್ಟಿಗೆ ಇಲ್ಲವಾಗಿಸಿದೆ.